ಹಾಲು ಕರೆಯುವವರು ಯಾರೆಂದು ಮೊದಲು ಕೇಳು

ಚಿಂತಾಮಣಿ ತಾಲ್ಲೂಕಿನಿಂದ,
ದೀಪಾವಳಿಗೆ ಮುಂಚೆ

ಪ್ರಿಯ ಗೆಳೆಯಾ,

ಪಾವಗಡದ ನಿಮ್ಮ ಊರಿನ ಯುವಕ ಸಂಘದ ಜವಾಬ್ದಾರಿ ನಿನ್ನ ಹೆಗಲಿಗೆ ಬಂತೆಂದು ತಿಳಿದು ಸಂತೋಷವಾಯಿತು. ಇನ್ನು ಬೇಸಿಗೆಯವರೆಗೆ ಯಾವ ತರಬೇತಿ, ಯಾವ ಕಾರ್ಯಕ್ರಮ, ಯಾವುದಕ್ಕೆ ಯಾವಾಗ ಅರ್ಜಿ ಎಂದು ಒಂದು ಪಟ್ಟಿ ಕೇಳಿದ್ದೀಯ. ಪಟ್ಟಿ ಕಳಿಸುವುದು ಸುಲಭ. ಅಂಥ ಪಟ್ಟಿಗಳು ಎಲ್ಲ ಪಂಚಾಯಿತಿಗಳ ಗೋಡೆಯ ಮೇಲೂ ಒಂದರ ಮೇಲೊಂದು ಅಂಟಿಕೊಂಡಿವೆ. ಅವನ್ನು ಓದಿ ಎಷ್ಟು ಹುಡುಗರು ತರಬೇತಿಗೆ ಹೋದರು ಎಂದು ಕೇಳಿದರೆ ಮಾತ್ರ ಉತ್ತರ ಹೇಳುವವರಿಲ್ಲ. ಅದಕ್ಕೇ ಪತ್ರ ಬರೆಯುತ್ತಿದ್ದೇನೆ. ನಿನ್ನಂತೆ ಹೊಸದಾಗಿ ಸಂಘ ನಡೆಸಲು ಹೊರಟವರು ಇನ್ನೂ ಇರಬಹುದು, ಹಾಗಾಗಿ ಎಲ್ಲರೂ ಓದುವಂತೆ ಹಾಕುತ್ತಿದ್ದೇನೆ. ಬೇಸರ ಮಾಡಿಕೊಳ್ಳಬೇಡ.

ಮೊದಲು ಬರುವುದು ಕೃಷಿ ಮೇಳ. ನವೆಂಬರ್ ತಿಂಗಳಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ನಡೆಯುತ್ತದೆ. ನಮ್ಮ ಹುಡುಗರಿಗೆ ಅದು ಜಾತ್ರೆಯೇ. ದೊಡ್ಡ ಟ್ರ್ಯಾಕ್ಟರಿನ ಪಕ್ಕ ನಿಂತು ಫೋಟೊ ತೆಗೆಸಿಕೊಂಡು, ಕಬ್ಬಿನ ಹಾಲು ಕುಡಿದು, ಚೀಲದ ತುಂಬ ಕರಪತ್ರ ತುಂಬಿಕೊಂಡು ಬರುತ್ತಾರೆ. ಬರಲಿ, ಆ ವಯಸ್ಸಿಗೆ ಅದೂ ಬೇಕು. ಆದರೆ ಹೊರಡುವ ಮುಂಚೆ ಒಬ್ಬೊಬ್ಬರಿಗೆ ಒಂದೊಂದು ಕೆಲಸ ಹಚ್ಚು. ಒಬ್ಬ ಶೇಂಗಾದ ಹೊಸ ತಳಿಯ ಬಗ್ಗೆ ಕೇಳಿಕೊಂಡು ಬರಲಿ. ಇನ್ನೊಬ್ಬ ಕುರಿ ಸಾಕಣೆಯ ಮಳಿಗೆಯಲ್ಲಿ ನಿಂತು ಮರಿಯ ಬೆಲೆ, ಮೇವಿನ ಖರ್ಚು, ಲಸಿಕೆಯ ಲೆಕ್ಕ ಬರೆದುಕೊಂಡು ಬರಲಿ. ಕೃಷಿ ವಿಜ್ಞಾನ ಕೇಂದ್ರದವರನ್ನು ಅಲ್ಲೇ ಮುಖತಃ ಕಂಡರೆ ಮುಂದೆ ಫೋನಿನಲ್ಲಿ ಮಾತನಾಡಲು ಸಂಕೋಚವಿರುವುದಿಲ್ಲ. ನಿಮ್ಮ ಜಿಲ್ಲೆಯಲ್ಲಿ ಅಂಥ ಕೇಂದ್ರಗಳು ಎರಡಿವೆ, ತಿಪಟೂರಿನ ಹತ್ತಿರ ಕೊನೇಹಳ್ಳಿಯಲ್ಲಿ ಒಂದು, ಹಿರೇಹಳ್ಳಿಯಲ್ಲಿ ಒಂದು. ನಮಗಿರುವುದು ಚಿಂತಾಮಣಿಯ ಕುರುಬೂರಿನಲ್ಲಿ, ರೇಷ್ಮೆ ಕೃಷಿ ಕಾಲೇಜಿನ ಮಗ್ಗುಲಿಗೇ. ಗ್ರಾಮೀಣ ಯುವಕರಿಗೆಂದೇ ವಾರದೊಳಗೆ ಮುಗಿಯುವ ಕೌಶಲ ತರಬೇತಿಗಳನ್ನು ಈ ಕೇಂದ್ರಗಳು ನಡೆಸುತ್ತವೆ. ಅವುಗಳ ದಿನಾಂಕ ಪತ್ರಿಕೆಗೆ ಬರುವ ಹೊತ್ತಿಗೆ ಪಟ್ಟಿ ಅರ್ಧ ತುಂಬಿರುತ್ತದೆ. ಮೊದಲೇ ಹೆಸರು ಕೊಟ್ಟು ಬಂದವರಿಗೆ ಕರೆ ಬರುತ್ತದೆ.

ಇನ್ನು ವರ್ಷವಿಡೀ ನಡೆಯುವುದು ಬ್ಯಾಂಕುಗಳ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳು, ನಾವು ಬಾಯಲ್ಲಿ ಆರ್‌ಸೆಟಿ ಎನ್ನುತ್ತೇವಲ್ಲ, ಅವು. ಇದರ ಮೂಲ ನಮ್ಮ ನಾಡಿನದೇ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಟ್ರಸ್ಟ್, ಕೆನರಾ ಬ್ಯಾಂಕ್ ಮತ್ತು ಆಗಿನ ಸಿಂಡಿಕೇಟ್ ಬ್ಯಾಂಕ್ ಸೇರಿ ಶುರು ಮಾಡಿದ ರುಡ್‌ಸೆಟ್ ಸಂಸ್ಥೆಯನ್ನೇ ಮಾದರಿಯಾಗಿಟ್ಟುಕೊಂಡು ಆಮೇಲೆ ದೇಶದ ಜಿಲ್ಲೆ ಜಿಲ್ಲೆಗೂ ತಂದರು. ಊಟ, ವಸತಿ, ಪಾಠ ಎಲ್ಲ ಉಚಿತ. 18ರಿಂದ 45 ವರ್ಷದೊಳಗಿನವರು ಸೇರಬಹುದು. ಹೈನುಗಾರಿಕೆ, ಕುರಿ ಸಾಕಣೆಯಂಥವು ಸುಮಾರು ಹತ್ತು ದಿನ, ಹೊಲಿಗೆ, ಮೊಬೈಲ್ ರಿಪೇರಿ ಒಂದು ತಿಂಗಳು. ಮುಗಿಸಿಕೊಂಡು ಬಂದ ಮೇಲೆಯೂ ಎರಡು ವರ್ಷ ಬೆನ್ನ ಹಿಂದೆ ನಿಂತು ವಿಚಾರಿಸುತ್ತಾರೆ. ಪ್ರಮಾಣಪತ್ರಕ್ಕಿಂತ ನನಗೆ ದೊಡ್ಡದಾಗಿ ಕಾಣುವುದು ಈ ವಿಚಾರಣೆಯೇ.

ಎಲ್ಲ ಉಚಿತವಾದ ಮೇಲೂ ಹುಡುಗರು ಏಕೆ ಹೋಗುವುದಿಲ್ಲ? ಆಸಕ್ತಿ ಇಲ್ಲ, ಮೊಬೈಲ್ ಹಿಡಿದು ಕೂರುತ್ತಾರೆ ಎಂದು ಭಾಷಣ ಮಾಡುವವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ನಮ್ಮ ಕಡೆ ಒಬ್ಬ ಹುಡುಗ ಹತ್ತು ದಿನ ಮನೆ ಬಿಟ್ಟರೆ ಬೆಳಿಗ್ಗೆ ಸಂಜೆ ಎರಡು ಸೀಮೆಹಸುಗಳ ಹಾಲು ಕರೆದು ಡೇರಿಗೆ ಹಾಕುವವರಿಲ್ಲ. ಅಪ್ಪನಿಗೆ ಮಂಡಿ ನೋವು, ಅಮ್ಮ ಕೂಲಿಗೆ ಹೋಗುತ್ತಾಳೆ, ತಂಗಿಗೆ ಕಾಲೇಜಿನ ಬಸ್ಸು ಏಳೂವರೆಗೆ. ಹಸು ಪರಿಚಯವಿಲ್ಲದ ಕೈಗೆ ಹಾಲು ಇಳಿಸುವುದಿಲ್ಲ. ಡೇರಿಯ ಬಟವಾಡೆಯಲ್ಲೇ ಸಂತೆ, ಸಾಲದ ಕಂತು ಎಲ್ಲ ನಡೆಯುವ ಮನೆಗೆ ಉಚಿತ ತರಬೇತಿ ಉಚಿತವಲ್ಲ.

ರೇಷ್ಮೆ ಮನೆಯದು ಇನ್ನೂ ಬಿಗಿ. ಮರಿಹುಳು ಸಾಕಿ ಕೊಡುವ ಚಾಕಿ ಕೇಂದ್ರದಿಂದ ಹುಳು ತಂದ ಮೇಲೆ ದಿನಗಳು ನಮ್ಮವಲ್ಲ. ಪೊರೆ ಕಳಚಲು ಹುಳು ಮೇವು ಬಿಟ್ಟು ಕೂರುವುದನ್ನು ನಾವು ಜ್ವರ ಎನ್ನುತ್ತೇವೆ. ಮೂರನೇ ಜ್ವರ, ನಾಲ್ಕನೇ ಜ್ವರ ಎಂದು ಅದರದೇ ಪಂಚಾಂಗ. ಜ್ವರಕ್ಕೆ ಕೂತ ಹುಳುವಿಗೆ ಸೊಪ್ಪು ನಿಲ್ಲಿಸಿ ಸುಣ್ಣದ ಪುಡಿ ಚೆಲ್ಲಬೇಕು, ಎದ್ದ ಮೇಲೆ ಹೊತ್ತು ನೋಡಿ ಸೊಪ್ಪು ಕೊಡಬೇಕು. ನಾಲ್ಕನೇ ಜ್ವರ ಎದ್ದ ಮೇಲಿನ ಏಳೆಂಟು ದಿನಗಳಲ್ಲಿ, ಇಡೀ ಬೆಳೆಗೆ ಬೇಕಾದ ಸೊಪ್ಪಿನ ಮುಕ್ಕಾಲು ಪಾಲಿಗಿಂತ ಹೆಚ್ಚನ್ನು ಅವು ತಿಂದು ಮುಗಿಸುತ್ತವೆ. ಆಗ ಹುಳು ಮನೆಯ ಬಾಗಿಲಲ್ಲಿ ನಿಂತರೆ ಒಳಗೆ ಮಳೆ ಸುರಿಯುವ ಹಾಗೆ ಸದ್ದು. ರಾತ್ರಿ ಹತ್ತಕ್ಕೂ ಹಿಪ್ಪುನೇರಳೆ ಹೊರೆ ಹೊರುತ್ತಿರುತ್ತಾರೆ. ಹುಳು ಹಣ್ಣಾದ ದಿನ ಮನೆಯವರೆಲ್ಲ ಸೇರಿ ಆಯ್ದು ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ತಟ್ಟೆಗೆ ಬಿಡಬೇಕು, ಒಂದು ದಿನ ತಡವಾದರೆ ಗೂಡಿನ ತೂಕವೂ ಹೋಯಿತು, ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಬೆಲೆಯೂ ಹೋಯಿತು. ಅಂಥ ವಾರದಲ್ಲಿ ತರಬೇತಿಯ ಸಂದರ್ಶನಕ್ಕೆ ಬಾ ಎಂದರೆ ಯಾವ ಮಗ ಬಂದಾನು?

ಹಾಗಾಗಿ ತರಬೇತಿಯ ದಿನಾಂಕ ಗೊತ್ತಾದ ಕೂಡಲೇ ನಾವು ಮೊದಲು ಹೋಗುವುದು ಹುಡುಗನ ಮನೆಗೆ. ನೀನು ಇಲ್ಲದ ದಿನ ಹಾಲು ಕರೆಯುವವರು ಯಾರು, ಹುಳು ಯಾವ ಜ್ವರದಲ್ಲಿರುತ್ತದೆ ಎಂದು ಕೇಳುತ್ತೇವೆ. ಕೂಲಿಯಿಲ್ಲದೆ ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಸರದಿಯಲ್ಲಿ ಆಗುವ ಮುಯ್ಯಾಳು ಪದ್ಧತಿ ನಮ್ಮ ಹಿರಿಯರದು, ನಾಟಿಗೂ ಕಟಾವಿಗೂ ಇತ್ತು, ಕೂಲಿ ಲೆಕ್ಕ ಬಂದ ಮೇಲೆ ಹಿಂದೆ ಸರಿಯಿತು. ನಾವು ಅದನ್ನು ತರಬೇತಿಗೆ ತಂದಿದ್ದೇವೆ. ಈ ತಿಂಗಳು ನೀನು ಹೋಗು, ನಿಮ್ಮ ಹಸು ನಾನು ನೋಡುತ್ತೇನೆ, ಮಾರ್ಚ್‌ನಲ್ಲಿ ನಾನು ಹೋದಾಗ ನೀನು ನಮ್ಮ ಹುಳು ನೋಡು. ಹಸುವಿಗೆ ಕೈ ಪಳಗಲು ವಾರದ ಮುಂಚೆಯೇ ಬಂದು ನಿಲ್ಲಬೇಕು ಎಂಬುದನ್ನೂ ಮಾತಾಡಿಕೊಳ್ಳುತ್ತೇವೆ. ಎಲ್ಲ ಮನೆಯಲ್ಲೂ ಇದು ನಡೆಯುವುದಿಲ್ಲ, ದಾಯಾದಿ ಜಗಳ ಇರುವಲ್ಲಿ ನಡೆಯುವುದೇ ಇಲ್ಲ. ಆದರೂ ನಮ್ಮ ಸಂಘ ಮಾಡಿದ ಕೆಲಸಗಳಲ್ಲಿ ನನಗೆ ಹೆಮ್ಮೆ ಇರುವುದು ಇದೊಂದರ ಬಗ್ಗೆ.

ಹೆಣ್ಣುಮಕ್ಕಳ ವಿಷಯದಲ್ಲಿ ತಂದೆ ತಾಯಿ ಕೇಳುವುದು ಬೇರೆ. ಹಾಸ್ಟೆಲಿನ ಬಾಗಿಲಿಗೆ ರಾತ್ರಿ ಬೀಗ ಹಾಕುವವರು ಯಾರು, ಬಚ್ಚಲು ಒಳಗಿದೆಯೋ ಹೊರಗಿದೆಯೋ, ಮೇಡಂ ಅಲ್ಲೇ ಇರುತ್ತಾರೋ ಇಲ್ಲವೋ. ಕರಪತ್ರದಲ್ಲಿ ಇದಕ್ಕೆ ಉತ್ತರವಿರುವುದಿಲ್ಲ. ತಾಯಂದಿರನ್ನು ಒಂದು ದಿನ ಕರೆದುಕೊಂಡು ಹೋಗಿ ತೋರಿಸಿಬಿಡು. ಅವರೇ ಅಡುಗೆ ಮನೆಯವರೆಗೂ ನೋಡಿ, ಸಾರಿನ ರುಚಿ ನೋಡಿ ಬರುತ್ತಾರೆ. ತಾಯಿ ಒಪ್ಪಿದರೆ ತಂದೆ ಒಪ್ಪಿದ ಹಾಗೆಯೇ.

ಕಾಗದಪತ್ರದ ಮಾತಿಗೆ ಬರೋಣ. ಅರ್ಜಿಗೆ ಕೊನೆಯ ದಿನ 30 ಎಂದಿದ್ದರೆ ಹುಡುಗರು 28ಕ್ಕೆ ನಾಡಕಚೇರಿ ಹುಡುಕುತ್ತಾರೆ. ಆದಾಯ ಪ್ರಮಾಣಪತ್ರಕ್ಕೆ ಐದು ವರ್ಷದ ಆಯಸ್ಸಿದೆ, ಕೆಲಸವಿಲ್ಲದ ದಿನ ಮಾಡಿಸಿಟ್ಟರೆ ಮುಗಿಯಿತು. ನಿಜವಾದ ತೊಡಕು ಹೆಸರಿನದು. ಅಂಕಪಟ್ಟಿಯಲ್ಲಿ ವೆಂಕಟೇಶಪ್ಪ, ಆಧಾರ್‌ನಲ್ಲಿ ವೆಂಕಟೇಶ್, ಪಡಿತರ ಚೀಟಿಯಲ್ಲಿ ವೆಂಕಟೇಶಿ. ಇನಿಷಿಯಲ್ ಒಂದರಲ್ಲಿ ಹೆಸರಿನ ಮುಂದೆ, ಇನ್ನೊಂದರಲ್ಲಿ ಹಿಂದೆ. ಗಣಕಯಂತ್ರಕ್ಕೆ ಇವರು ಮೂವರು ಮನುಷ್ಯರು. ಆಧಾರ್‌ಗೆ ಕೊಟ್ಟ ಮೊಬೈಲ್ ಸಂಖ್ಯೆ ಎಂದೋ ನಿಂತುಹೋಗಿ, ಒಟಿಪಿ ಯಾರದೋ ಫೋನಿಗೆ ಹೋಗಿ ಕೂರುತ್ತದೆ. ಒಂದು ಕಚೇರಿಯಲ್ಲಿ ನಮ್ಮ ಹುಡುಗನೊಬ್ಬನನ್ನು ಇದೇ ಕಾರಣಕ್ಕೆ ನಾಳೆ ಬಾ, ನಾಳೆ ಬಾ ಎಂದು ತಿರುಗಿಸಿ ಕೊನೆಗೆ ಅವಧಿ ಮುಗಿಯಿತು ಎಂದರು. ಊರಿನ ಪ್ರತಿಯೊಬ್ಬ ಹುಡುಗನದೂ ಹುಡುಗಿಯದೂ ಹೆಸರು, ಜನ್ಮದಿನಾಂಕ ಎಲ್ಲ ದಾಖಲೆಗಳಲ್ಲಿ ಒಂದೇ ಇದೆಯೇ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯೇ ಎಂದು ಈ ಚಳಿಗಾಲದಲ್ಲೇ ನೋಡಿಬಿಡು. ಸಂಘಕ್ಕೆ ಇದಕ್ಕಿಂತ ದೊಡ್ಡ ಕಾರ್ಯಕ್ರಮ ಬೇಡ.

ಜನವರಿ 12, ವಿವೇಕಾನಂದರ ಜಯಂತಿ, ರಾಷ್ಟ್ರೀಯ ಯುವ ದಿನ. ಅಂದು ಮೆರವಣಿಗೆ, ಭಾಷಣ, ಸಿಹಿ ಇದ್ದದ್ದೇ. ನಿಮ್ಮಲ್ಲಿ ಕೋಲಾಟದವರು, ಭಜನೆಯವರು ಇದ್ದಾರಲ್ಲ, ಅವರನ್ನು ಯುವಜನೋತ್ಸವಕ್ಕೆ ಕಳಿಸುವ ಮನಸ್ಸಿದ್ದರೆ ಜನವರಿಯವರೆಗೆ ಕಾಯಬೇಡ. ರಾಷ್ಟ್ರ ಮಟ್ಟದ್ದು ಆ ವಾರ ನಡೆಯುವುದರಿಂದ ಜಿಲ್ಲೆ, ರಾಜ್ಯ ಮಟ್ಟದ ಆಯ್ಕೆ ಅದಕ್ಕೂ ಮೊದಲೇ ಮುಗಿದಿರುತ್ತದೆ. ವಯಸ್ಸು 15ರಿಂದ 29. ಯುವಜನರಿಗಾಗಿ ಕೇಂದ್ರ ಸರ್ಕಾರ ನಡೆಸುವ ಮೈ ಭಾರತ್ ಜಾಲತಾಣದ ನೋಂದಣಿಗೂ ಇದೇ ವಯಸ್ಸು, ಅದನ್ನೂ ಮಾಡಿಸಿಡು, ಖರ್ಚೇನಿಲ್ಲ.

ನಿಮ್ಮ ಊರಿಗೆ ಮುಖ್ಯವಾದುದು ಇದಾದ ಮೇಲಿನದು. ತೋಟಗಾರಿಕೆ ಇಲಾಖೆ ರೈತರ ಮಕ್ಕಳಿಗೆ ಹತ್ತು ತಿಂಗಳ ತರಬೇತಿ ಕೊಡುತ್ತದೆ. ಮೇ ಮೊದಲಲ್ಲಿ ಶುರುವಾಗಿ ಫೆಬ್ರವರಿ ಕೊನೆಗೆ ಮುಗಿಯುತ್ತದೆ, ಅರ್ಜಿ ಬೇಸಿಗೆಯ ಆರಂಭದಲ್ಲಿ ಕರೆಯುತ್ತಾರೆ. ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು, ತಂದೆ ತಾಯಿಯ ಹೆಸರಿನಲ್ಲಿ ಜಮೀನಿರಬೇಕು, ಶಿಷ್ಯವೇತನವೂ ಇದೆ. ನಿಮ್ಮ ತಾಲ್ಲೂಕಿನ ತಿರುಮಣಿ ಕಡೆಯ ಹುಡುಗರು ನಮ್ಮದೆಲ್ಲ ಸೋಲಾರ್ ಪಾರ್ಕಿಗೆ ಹೋಯಿತು, ನಮಗೆಲ್ಲಿಯ ಜಮೀನು ಎನ್ನುತ್ತಾರೆಂದು ಬರೆದಿದ್ದೆಯಲ್ಲ. ಆ ಜಮೀನು ಮಾರಿದ್ದಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಗುತ್ತಿಗೆ. ಒಡೆತನ ರೈತರದೇ. ಅಪ್ಪನ ಹೆಸರಿನ ಪಹಣಿ ತೆಗೆಸಿ ನೋಡಲು ಹೇಳು, ಅದನ್ನು ಹಿಡಿದು ತಾಲ್ಲೂಕಿನ ತೋಟಗಾರಿಕೆ ಕಚೇರಿಯಲ್ಲಿ ಈಗಲೇ ವಿಚಾರಿಸಲಿ. ಕೆಲಸಕ್ಕೆ ಹೊಲವಿಲ್ಲದೆ, ಗುತ್ತಿಗೆ ಹಣ ಬಂದ ತಿಂಗಳು ಬೈಕ್ ಕೊಂಡು, ಉಳಿದ ತಿಂಗಳು ಕಟ್ಟೆಯ ಮೇಲೆ ಕೂರುವ ಹುಡುಗರಿಗೆ ಹತ್ತು ತಿಂಗಳು ಕೈ ಮಣ್ಣಾಗುವುದು ಒಳ್ಳೆಯದೇ. ಹಾಲು ಕರೆಯುವ ತಾಪತ್ರಯ ಅವರಿಗೆ ನಮ್ಮಷ್ಟಿಲ್ಲ.

ಸಾಲದ ಬಗ್ಗೆ ಒಂದು ಮಾತು, ಏಕೆಂದರೆ ತರಬೇತಿ ಮುಗಿದ ಮಾರನೆಯ ದಿನವೇ ಸಬ್ಸಿಡಿ ಎಷ್ಟು ಎಂಬ ಪ್ರಶ್ನೆ ಬರುತ್ತದೆ. ಪ್ರಧಾನ ಮಂತ್ರಿ ಉದ್ಯೋಗ ಸೃಜನ ಯೋಜನೆಯಲ್ಲಿ ಹಳ್ಳಿಯ ಸಾಮಾನ್ಯ ವರ್ಗದವರಿಗೆ ಶೇ 25, ಮಹಿಳೆಯರು, ಪರಿಶಿಷ್ಟರು, ಹಿಂದುಳಿದ ವರ್ಗದವರಿಗೆ ಶೇ 35 ಸಹಾಯಧನ. ಕೈಯಿಂದ ಹಾಕಬೇಕಾದ್ದು ಕ್ರಮವಾಗಿ ಶೇ 10 ಮತ್ತು 5. ಆ ಸಹಾಯಧನ ಕೈಗೆ ಬರುವ ದುಡ್ಡಲ್ಲ ಎಂಬುದನ್ನು ಮಾತ್ರ ಮೊದಲೇ ಬಿಡಿಸಿ ಹೇಳು. ಮೂರು ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿರುತ್ತದೆ, ಘಟಕ ನಡೆಯುತ್ತಿದೆ ಎಂದು ಕಂಡ ಮೇಲೆ ಸಾಲಕ್ಕೆ ಜಮೆಯಾಗುತ್ತದೆ. ಇದು ತಿಳಿಯದೆ ಆ ಹಣದಲ್ಲಿ ಮದುವೆ ಮಾಡಲು ಹೊರಟವರೂ ಇದ್ದಾರೆ. ಕಮಿಷನ್ ಕೊಟ್ಟರೆ ಸಾಲ ಮಂಜೂರು ಮಾಡಿಸುತ್ತೇನೆ ಎಂದು ಬರುವವರನ್ನು ಊರ ಬಾಗಿಲಲ್ಲೇ ಸಾಗಹಾಕು.

ಪದವಿ, ಡಿಪ್ಲೊಮಾ ಮುಗಿಸಿ ಆರು ತಿಂಗಳಾದರೂ ಕೆಲಸ ಸಿಗದವರಿಗೆ ರಾಜ್ಯ ಸರ್ಕಾರದ ಯುವನಿಧಿ ಭತ್ಯೆ ಇದೆ, ತಿಂಗಳಿಗೆ ಕ್ರಮವಾಗಿ 3,000 ಮತ್ತು 1,500 ರೂಪಾಯಿ, ಹೆಚ್ಚೆಂದರೆ ಎರಡು ವರ್ಷ. ಅರ್ಜಿ ಹಾಕಿ ಮರೆಯುವವರೇ ಹೆಚ್ಚು, ಕಾಲಕಾಲಕ್ಕೆ ಸ್ವಯಂ ಘೋಷಣೆ ಕೊಡುತ್ತಿರಬೇಕು.

ಕೊನೆಗೆ ನಿನ್ನ ಸ್ವಂತ ಕೆಲಸ. ಸಂಘದ ನೋಂದಣಿ ಯಾವ ಸ್ಥಿತಿಯಲ್ಲಿದೆ? 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಜನರಿದ್ದರೆ ಸಂಘ ಕಟ್ಟಬಹುದು, ಉಳಿಸಿಕೊಳ್ಳುವುದೇ ಕಷ್ಟ. ವರ್ಷಕ್ಕೊಮ್ಮೆ ಮಹಾಸಭೆ ನಡೆಸಿ, 14 ದಿನದೊಳಗೆ ಪದಾಧಿಕಾರಿಗಳ ಪಟ್ಟಿ, ಲೆಕ್ಕಪತ್ರ ಸಲ್ಲಿಸಬೇಕು. ಹಿಂದಿನವರು ಸಲ್ಲಿಸಿದ್ದಾರೋ ಇಲ್ಲವೋ ಎಂದು ದಾಖಲೆ ಕೈಗೆ ತೆಗೆದುಕೊಳ್ಳುವಾಗಲೇ ನೋಡಿಕೋ. ಹಳೆಯ ಅಧ್ಯಕ್ಷರು ಊರ ಹಿರಿಯರು, ಕೇಳಿದರೆ ಬೇಸರ ಮಾಡಿಕೊಂಡಾರು ಎಂದು ಸುಮ್ಮನಾಗಬೇಡ.

ಕೃಷಿ ಮೇಳಕ್ಕೆ ನಮ್ಮವರು ಒಂದು ಟೆಂಪೊ ಮಾಡಿಕೊಂಡು ಬರುತ್ತಿದ್ದಾರೆ. ನಿಮ್ಮವರೂ ಅದೇ ದಿನ ಬಂದರೆ ಕುರಿ ಸಾಕುವ ನಿಮ್ಮ ಹುಡುಗರಿಗೂ ರೇಷ್ಮೆಯ ನಮ್ಮ ಹುಡುಗರಿಗೂ ಮಾತಿಗೆ ಸಿಕ್ಕಂತಾಗುತ್ತದೆ. ಎಷ್ಟು ಮಂದಿ, ಎಲ್ಲಿಂದ ಹೊರಡುತ್ತೀರಿ ಎಂದು ಹಬ್ಬ ಮುಗಿಯುವುದರೊಳಗೆ ತಿಳಿಸು. ಊಟಕ್ಕೆ ಮುದ್ದೆ, ಬಸ್ಸಾರು ನಾವೇ ಕಟ್ಟಿಸಿಕೊಂಡು ಬರುತ್ತೇವೆ. ನೀನು ಹುರಿದ ಕಡಲೆಕಾಯಿ ತಾ.

ಅತ್ತಿಗೆಗೂ ಮಕ್ಕಳಿಗೂ ನನ್ನ ನೆನಪು ಹೇಳು.

ನಿನ್ನ ಗೆಳೆಯ