ಉತ್ತರ ಹೇಳಿದವರಿಗೆಲ್ಲ

ಮೊನ್ನೆ ನನ್ನ ಪಿಎಚ್.ಡಿ. ವೈವಾ ಮುಗಿಯಿತು. ಫೋನಿನಲ್ಲಿ, ನಮ್ಮ ಕಾಸರಗೋಡಿನ ಕುಂಬಳೆ ಪೇಟೆಯಲ್ಲಿ, ಬಸ್ಸಿನಲ್ಲಿ ಕೂಡ ಜನ ಅಭಿನಂದನೆ ಹೇಳುತ್ತಿದ್ದಾರೆ. ಒಬ್ಬೊಬ್ಬರಿಗೇ ಉತ್ತರ ಕೊಡಲು ಆಗುತ್ತಿಲ್ಲ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

'ಮೀನಿನ ಮೇಲೆ ಪಿಎಚ್.ಡಿ.ಯಂತೆ' ಅಂತ ಸುದ್ದಿ ಹಬ್ಬಿದೆ. ಮೀನಿನ ಮೇಲಲ್ಲ. 150 ವರ್ಷದ ಹಿಂದೆ ಮೀನಿನ ಬಗ್ಗೆ ಓಡಾಡಿದ ಕಾಗದಪತ್ರಗಳ ಮೇಲೆ. ಆಗ ನಮ್ಮ ಊರುಗಳೆಲ್ಲ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದವು. ಎಚ್. ಎಸ್. ಥಾಮಸ್ ಅಲ್ಲಿ ಕಲೆಕ್ಟರ್ ಆಗಿದ್ದವರು, ಗಾಳದ ಹುಚ್ಚಿನವರು. 1870ರಲ್ಲಿ ಜಿಲ್ಲೆಯ ಮೀನು ಸಾಕಣೆಯ ಬಗ್ಗೆ ವರದಿ ಬರೆದರು. 1873ರಲ್ಲಿ ಗಾಳದ ಬಗ್ಗೆ ಒಂದು ಪುಸ್ತಕವನ್ನೇ ಮಂಗಳೂರಿನಲ್ಲಿ ಅಚ್ಚು ಹಾಕಿಸಿದರು. ಇನ್ನೊಬ್ಬರು ಫ್ರಾನ್ಸಿಸ್ ಡೇ, ಸೈನ್ಯದ ಡಾಕ್ಟರು. ಆಮೇಲೆ ಇಡೀ ದೇಶದ ಮೀನುಗಾರಿಕೆಯನ್ನು ನೋಡಿಕೊಳ್ಳುವ ಅಧಿಕಾರಿಯಾದರು. ದಕ್ಷಿಣ ಕನ್ನಡದ ಒಂದು ಹೊಳೆಮೀನಿಗೆ 1874ರಲ್ಲಿ ಡೇ ಇಟ್ಟದ್ದು ಥಾಮಸರ ಹೆಸರು.

ಡೇಗೂ ಲಂಡನ್ ಮ್ಯೂಸಿಯಮ್ಮಿನ ಮೀನಿನ ಪಂಡಿತ ಗುಂಥರ್‌ಗೂ ಆಗಿಬರುತ್ತಿರಲಿಲ್ಲ. ಡೇ ತಮ್ಮ ಸಂಗ್ರಹದ ದೊಡ್ಡ ಪಾಲನ್ನು 1880ರ ದಶಕದಲ್ಲಿ ಸಿಡ್ನಿಗೆ ಮಾರಿಬಿಟ್ಟರು. ನಮ್ಮ ಕಡೆಯ ಮೀನು ಆಸ್ಟ್ರೇಲಿಯಾದ ಸೀಸೆಯಲ್ಲಿ! ಪಂಡಿತರ ಜಗಳ ಓದಲು ಬಲು ರುಚಿ. ನಾನು ಅದನ್ನೇ ಬರೆಯುತ್ತಾ ಕೂತೆ. ಗೈಡ್ ಮೇಡಂ ಆ ಅಧ್ಯಾಯವನ್ನು ಅರ್ಧಕ್ಕೆ ಇಳಿಸಿದರು. ಅವರಿಗೆ ಮೊದಲ ನಮಸ್ಕಾರ.

ಅಸಲಿ ವಿಷಯ ಬೇರೆ. ಡೇ ಅವರ 1873ರ ಮೀನುಗಾರಿಕೆ ವರದಿಗಾಗಿ ಕೇಳಿದ ಪ್ರಶ್ನೆಗಳಿಗೆ ಕಲೆಕ್ಟರರು, ತಹಸೀಲ್ದಾರರು ಉತ್ತರ ಬರೆದು ಕಳಿಸಿದ್ದರು. ಬಲೆಯ ಕಣ್ಣು ಎಷ್ಟು ಸಣ್ಣದು, ಮಳೆಗಾಲದಲ್ಲಿ ಗದ್ದೆಗೆ ಹತ್ತುವ ಮೀನು ಹಿಡಿಯುತ್ತಾರಾ, ಹೊಳೆಗೆ ವಿಷ ಹಾಕುತ್ತಾರಾ, ಇಂಥ ಪ್ರಶ್ನೆಗಳು. ತಹಸೀಲ್ದಾರರೇನು ಹೊಳೆಗಿಳಿದು ನೋಡಿದ್ದರಾ? ಯಾರನ್ನೋ ಕರೆದು ಕೇಳಿರಬೇಕು, ಅಲ್ವಾ? ಆ ಹೇಳಿದವರ ಹೆಸರು ನಾನು ಓದಿದ ಯಾವ ಕಾಗದದಲ್ಲೂ ಸಿಗಲಿಲ್ಲ. ಮುಂದೆ 1897ರಲ್ಲಿ ಕಾನೂನು ಬಂತು, ವಿಷ ಹಾಕುವುದು, ಸಿಡಿಮದ್ದು ಹಾಕುವುದು ನಿಂತಿತು, ಕಾಗದದ ಮೇಲಾದರೂ.

ಆಗ ಹೇಳಿದವರ ಹೆಸರು ಉಳಿಯಲಿಲ್ಲವಲ್ಲ, ಹಾಗಾಗಿ ನನಗೆ ಹೇಳಿಕೊಟ್ಟವರ ಹೆಸರನ್ನು ಪ್ರಬಂಧದ ಮೊದಲ ಪುಟದಲ್ಲೇ ಹಾಕಿದ್ದೇನೆ. ಇಲ್ಲಿ ಹಾಕಬೇಡ ಎಂದಿದ್ದಾರೆ, ಹಾಕುವುದಿಲ್ಲ. ಮಂಜೇಶ್ವರ ಕಡಪ್ಪುರದ ಅಕ್ಕ ಬುಟ್ಟಿ ಇಳಿಸಿ ಬೂತಾಯಿ ಯಾವುದು, ಬಂಗುಡೆ ಯಾವುದು ಎಂದು ಮುಟ್ಟಿಸಿ ತೋರಿಸಿದರು. ವ್ಯಾಪಾರದ ಹೊತ್ತು, ಆದರೂ ಬೈಯಲಿಲ್ಲ. ನಮ್ಮ ಆಚೆಮನೆಯ ಅಜ್ಜನಿಗೆ ಆ ಹಳೆಯ ಉತ್ತರಗಳನ್ನು ಓದಿ ಹೇಳಿದೆ. "ಇದನ್ನು ತಿಳಿಯಲು ಲಂಡನ್ನಿನ ಪುಸ್ತಕ ಬೇಕಿತ್ತಾ ಮಗಾ?" ಅಂದರು. ಆಮೇಲೆ ಗದ್ದೆ ಬದುವಿಗೆ ಕೂಳಿ, ಅಂದರೆ ಮೀನು ಹಿಡಿಯುವ ಬುಟ್ಟಿ, ಇಡುವುದು ಹೇಗೆ ಅಂತ ಮಧ್ಯಾಹ್ನವಿಡೀ ವಿವರಿಸಿದರು. ಆ ಕೂಳಿಯೇ ನನ್ನ ನಾಲ್ಕನೇ ಅಧ್ಯಾಯ.

2020ರಲ್ಲಿ ಕೊರೊನಾ ಬಂದು ಕೇರಳ–ಕರ್ನಾಟಕ ನಡುವಿನ ತಲಪಾಡಿ ಗಡಿ ಮುಚ್ಚಿತು. ಮಂಗಳೂರಿನ ಆಸ್ಪತ್ರೆಗೇ ಹೋಗಲಾಗದ ದಿನಗಳು, ಇನ್ನು ಲೈಬ್ರರಿ ಮಾತೆಲ್ಲಿ. ಬಿಟ್ಟುಬಿಡೋಣ ಅಂತಲೇ ಇದ್ದೆ. ಆಚೆ ಕಡೆಯ ಗೆಳತಿಯೊಬ್ಬಳು ಹಳೆಯ ಪುಸ್ತಕಗಳ ಪುಟಗಳನ್ನು ಫೋನಿನಲ್ಲಿ ಫೋಟೋ ಹಿಡಿದು ರಾತ್ರಿ ರಾತ್ರಿ ಕಳಿಸುತ್ತಿದ್ದಳು. ಅವಳಿಗೆ ಏನು ಹೇಳಿದರೂ ಕಡಿಮೆಯೇ.

ಇನ್ನು ಅಮ್ಮ. ನಮ್ಮದು ಅಡಿಕೆ ತೋಟದ ಮನೆ, ಒಳಗೆ ಮೀನು ಬಂದದ್ದೇ ಇಲ್ಲ. ದೇವರ ಕೋಣೆ ಪಕ್ಕದ ಗೋಡೆಗೆ ನಾನು ಡೇ ಪುಸ್ತಕದ ಮೀನಿನ ಚಿತ್ರಗಳನ್ನು ಅಂಟಿಸಿದ್ದೆ. ಅಮ್ಮ ಕಿತ್ತು ಹಾಕಲಿಲ್ಲ. ಸುಮ್ನೆ ನನ್ನ ಕೋಣೆಗೆ ಸ್ಥಳಾಂತರಿಸಿದರು, ಅಷ್ಟೆ.

ಪ್ರಬಂಧದ ಒಂದು ಪ್ರತಿ ಊರಿನ ಗ್ರಂಥಾಲಯದಲ್ಲಿ ಇಡುತ್ತೇನೆ. ಕನ್ನಡದಲ್ಲೇ ಇದೆ. ಬಲೆ, ಗಾಳ, ಕೂಳಿಯ ಬಗ್ಗೆ ನಾನು ಬರೆದದ್ದರಲ್ಲಿ ಏನಾದರೂ ಬಿಟ್ಟುಹೋಗಿದ್ದರೆ ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆಯಿರಿ. ಹೆಸರನ್ನೂ ಬರೆಯಿರಿ.