ಮೂರು ತುಂಡು ಹಲಗೆ

ಸೀನ,

ನೀನು ಫೋನ್ ಎತ್ತುವುದಿಲ್ಲ. ಮೆಸೇಜಿಗೆ ಒಂದು ಹೆಬ್ಬೆರಳು ಒತ್ತಿ ಸುಮ್ಮನಾಗುತ್ತೀಯ. ಅದಕ್ಕೇ ಎಲ್ಲರೆದುರು ಈ ಪತ್ರ. ಹಳೇ ಕ್ಯಾಂಟೀನ್ ಸಾಲ ಕೇಳುವುದಕ್ಕಲ್ಲ, ಹೆದರಬೇಡ.

ಒಂದು ಚಿತ್ರದ ಬಗ್ಗೆ ಹೇಳಬೇಕು. ನಾರ್ವೆಯ ಚಿತ್ರಕಾರ ಎಡ್ವರ್ಡ್ ಮುಂಕ್ 1899ರಲ್ಲಿ ಮಾಡಿದ ವುಡ್‌ಕಟ್, ಅಂದರೆ ಮರದ ಹಲಗೆಯಲ್ಲಿ ಕೆತ್ತಿ ಕಾಗದಕ್ಕೆ ಒತ್ತಿದ ಅಚ್ಚು. ಕಡಲ ದಡದಲ್ಲಿ ಒಬ್ಬ ಗಂಡಸು, ಒಬ್ಬಳು ಹೆಂಗಸು. ಇಬ್ಬರೂ ನಮಗೆ ಬೆನ್ನು ಹಾಕಿ ನೀರು ನೋಡುತ್ತಿದ್ದಾರೆ. ಅವಳದು ಬಿಳಿ ಬಟ್ಟೆ, ಅವನದು ಕಪ್ಪು. ಮಧ್ಯೆ ಒಂದಿಷ್ಟು ಜಾಗ. ಕನಸಿನಲ್ಲಿ ಮುಖ ಕಾಣದಿದ್ದರೂ ಇಂಥವರೇ ಅಂತ ಗೊತ್ತಾಗುತ್ತದಲ್ವಾ, ಹಾಗೆ. ಇದೇ ಇಬ್ಬರನ್ನು ಅವನು 1890ರ ದಶಕದಿಂದ 1930ರ ದಶಕದವರೆಗೂ ಮತ್ತೆ ಮತ್ತೆ ಚಿತ್ರಿಸಿದ. 'ಒಂಟಿಗರು' ಅಂತ ಕರೆದ.

ಅಚ್ಚು ಮಾಡಿದ ರೀತಿ ಕೇಳು. ಒಂದೇ ಹಲಗೆಯಲ್ಲಿ ಕೆತ್ತಿ, ಅದನ್ನು ಸಣ್ಣ ಗರಗಸದಿಂದ ಮೂರು ತುಂಡು ಮಾಡಿದ. ತುಂಡುಗಳಿಗೆ ಬೇರೆ ಬೇರೆ ಬಣ್ಣ ಬಳಿದು, ಮತ್ತೆ ಜೋಡಿಸಿ, ಒಟ್ಟಿಗೇ ಕಾಗದಕ್ಕೆ ಒತ್ತಿದ. ಅದಕ್ಕೇ ಪ್ರತಿಯಿಂದ ಪ್ರತಿಗೆ ಬಣ್ಣ ಬೇರೆ. ಗರಗಸ ಹೋದ ದಾರಿ ಮಾತ್ರ ಬಣ್ಣ ಹಿಡಿಯದೆ ಬಿಳಿ ಗೆರೆಯಾಗಿ ಉಳಿಯುತ್ತದೆ.

ಕಡಲು ಒಂದು ತುಂಡು. ಗಂಡಸೂ ದಡವೂ ಸೇರಿ ಒಂದು ತುಂಡು. ಅವಳೊಬ್ಬಳೇ ಬೇರೆ ತುಂಡು. ಇದು ತಿಳಿದ ಮೇಲೆ ನನಗೆ ಎರಡು ರಾತ್ರಿ ಸರಿಯಾಗಿ ನಿದ್ದೆ ಬಂದಿಲ್ಲ ಕಣೋ.

ಯುಗಾದಿ ಮುಗಿಸಿ ಧಾರವಾಡಕ್ಕೆ ಹೋದ ನನ್ನವಳು ವಾಪಸ್ ಬಂದಿಲ್ಲ. ನಿನಗೂ ಹೇಳಿರಲಿಲ್ಲ. ಇಲ್ಲಿ ಹೇಳುತ್ತೇನೆ ಅಂತಲೂ ಅಂದುಕೊಂಡಿರಲಿಲ್ಲ. ಒಂಟಿಯಾದವನು ನಾನು ಅಂತಲೇ ಇಷ್ಟು ದಿನ ಕೊರಗಿದೆ. ಆದರೆ ಮೈಸೂರಿನ ಈ ಮನೆ ನನ್ನದು. ಅಮ್ಮ, ಅಕ್ಕ, ಈ ಬೀದಿ, ನೀವೆಲ್ಲ ನನ್ನವರು. ನಾನು ದಡಕ್ಕೆ ಅಂಟಿಕೊಂಡೇ ಇದ್ದೆ. ಅವಳು 'ಹೌದ್ರಿ' ಅಂದಾಗಲೆಲ್ಲ ಮನೆಯಲ್ಲಿ ನಗು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನೇ. ಮೊದಮೊದಲು ಅವಳೂ ನಗುತ್ತಿದ್ದಳು. ಆಮೇಲೆ 'ಹೌದು' ಅನ್ನಲು ಶುರುಮಾಡಿದಳು. ಅದು ಯಾವಾಗ ಬದಲಾಯಿತೋ, ಆರು ವರ್ಷದಲ್ಲಿ ನಾನು ಗಮನಿಸಲೇ ಇಲ್ಲ.

ಸಾಕು, ಜಾಸ್ತಿಯಾಯಿತು. ನಿಮ್ಮ ಕಡೆ ಮಳೆ ಹಿಡಿಯಿತಾ? ಹಲಸಿನ ಹಪ್ಪಳ ಎರಡು ಕಟ್ಟು ತೆಗೆದಿಡು. ಮುಂದಿನ ತಿಂಗಳು ಬರುತ್ತೇನೆ. ಬೀಚು ಗೀಚು ಬೇಡ, ನಿಮ್ಮ ಅಡುಗೆಮನೆಯಲ್ಲೇ ಎದುರುಬದುರು ಕೂರೋಣ. ಆ ಎಮ್ಮೆ ಕತೆ ಮಾತ್ರ ನಿನ್ನ ಹೆಂಡತಿಯ ಮುಂದೆ ತೆಗೆಯಬೇಡ ಮಾರಾಯ.

ನಿನ್ನ,
ಮೂರನೇ ಬೆಂಚು