ಥೆರಪಿಯೂ ಘಟ್ಟ ಹತ್ತಿ ಬರಲಿ

ಮಾನ್ಯ ಸಂಪಾದಕರೇ,

ಶಿರಸಿ ಹತ್ತಿರದ ಹಳ್ಳಿಯಲ್ಲಿ ಬಟ್ಟೆ ಹೊಲಿದು ಬದುಕುವವಳು ನಾನು. ಮದುವೆಯಾಗಿಲ್ಲ. ಮಗಳನ್ನು ದತ್ತು ತಗೊಂಡಾಗ ಅವಳಿಗೆ ಐದು ವರ್ಷ. ಸೆರೆಬ್ರಲ್ ಪಾಲ್ಸಿ, ಅಂದರೆ ಮಿದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಸಿಗದ ಸಮಸ್ಯೆ, ಇದೆ ಅಂತ ಗೊತ್ತಿದ್ದೇ ಕರೆದುಕೊಂಡು ಬಂದೆ.

ಒಬ್ಬಳೇ ಹೆಂಗಸಿಗೆ ಮಗು ಕೊಡ್ತಾರಾ ಅಂತ ಈಗಲೂ ಕೇಳುತ್ತಾರೆ. ಕೊಡುತ್ತಾರೆ. ಅರ್ಜಿ ಹಾಕಬೇಕಾದ್ದು ಕೇಂದ್ರ ಸರ್ಕಾರದ ದತ್ತು ಪ್ರಾಧಿಕಾರ 'ಕಾರಾ'ದ ವೆಬ್‌ಸೈಟಿನಲ್ಲಿ. 2022ರ ನಿಯಮದಂತೆ 4ರಿಂದ 8 ವರ್ಷದ ಮಗುವಾದರೆ ಒಂಟಿ ಪೋಷಕರಿಗೆ 50 ವರ್ಷ ದಾಟಿರಬಾರದು. ಒಂಟಿ ಹೆಂಗಸಿಗೆ ಗಂಡು ಮಗುವಾದರೂ ಸರಿ, ಹೆಣ್ಣಾದರೂ ಸರಿ. ಒಂಟಿ ಗಂಡಸಿಗೆ ಮಾತ್ರ ಹೆಣ್ಣು ಮಗು ಕೊಡುವುದಿಲ್ಲ. ಕೊನೆಯ ಆದೇಶ ಈಗ ಕೋರ್ಟಿನದಲ್ಲ, ಜಿಲ್ಲಾಧಿಕಾರಿಯದ್ದು. ಯಾರಾದರೂ ಯೋಚನೆ ಮಾಡುತ್ತಿದ್ದರೆ ಗೊತ್ತಿರಲಿ ಅಂತ ಬರೆದೆ.

ಕಷ್ಟ ಇರುವುದು ಆಮೇಲೆ. ಇಂಥ ಮಕ್ಕಳಿಗೆ ನಡಿಗೆಗೆ ಫಿಸಿಯೋಥೆರಪಿ, ಮಾತಿಗೆ ಒಂದು, ಕೈ ಬೆರಳುಗಳ ಕೆಲಸಕ್ಕೆ ಇನ್ನೊಂದು ಥೆರಪಿ ಬೇಕು, ಅದೂ ವರ್ಷಗಟ್ಟಲೆ. ನನಗೆ ಮೂರೂ ಒಂದೇ ಕಡೆ ಸಿಕ್ಕಿದ್ದು ಹುಬ್ಬಳ್ಳಿಯಲ್ಲಿ. ಇಲ್ಲಿಂದ ನೂರು ಕಿಲೋಮೀಟರ್. ಬೆಳಗಿನ ಬಸ್ಸಿಗೆ ಒಂದು ಕೈಯಲ್ಲಿ ಮಗಳು, ಇನ್ನೊಂದರಲ್ಲಿ ಅವಳ ಕಾಲಿನ ಪಟ್ಟಿಗಳ ಚೀಲ, ಆ ಎತ್ತರದ ಮೆಟ್ಟಿಲು ಹತ್ತುವಾಗ ಕಂಡಕ್ಟರ್ ಅಣ್ಣ ಕೈ ಕೊಟ್ಟರೆ ಅವತ್ತು ಅರ್ಧ ಕೆಲಸ ಆದಂತೆ. ಗಂಡ ಹೆಂಡತಿ ಇರುವ ಮನೆಯಲ್ಲಿ ಒಬ್ಬರು ಮಗುವಿನ ಜೊತೆ ಹೋದರೂ ಇನ್ನೊಬ್ಬರ ದುಡಿಮೆ ನಡೆಯುತ್ತದೆ. ನಮ್ಮನೆಯಲ್ಲಿ ಎರಡೂ ನಾನೇ. ಮದುವೆ ಸೀಸನ್ನಿನಲ್ಲಿ ಬ್ಲೌಸ್ ತಡವಾದರೆ ಗಿರಾಕಿ ಬೇರೆ ಕಡೆ ಹೋಗುತ್ತಾರೆ, ಅವರದ್ದೂ ತಪ್ಪಲ್ಲ. ನಿರಾಮಯ ವಿಮೆಯಲ್ಲಿ ಇಂಥ ಮಕ್ಕಳ ಚಿಕಿತ್ಸೆಗೆ ವರ್ಷಕ್ಕೆ 1 ಲಕ್ಷದವರೆಗೆ ಸಿಗುತ್ತದೆ, ಒಳ್ಳೆಯ ಯೋಜನೆ. ಹೋದ ದಿನದ ದುಡಿಮೆ ಮಾತ್ರ ಹೋದಂತೆಯೇ.

ಹಾಗಂತ ಥೆರಪಿ ಬಿಡಲಿಕ್ಕೆ ಬರುವುದಿಲ್ಲ. ಮಗಳು ಚಮಚ ಹಿಡಿದರೆ ಹೆಬ್ಬೆರಳು ಅಂಗೈ ಒಳಗೇ ಮಡಚಿಕೊಳ್ಳುತ್ತಿತ್ತು. ಚಮಚದ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿ ಅಂತ ಥೆರಪಿಸ್ಟ್ ಮೇಡಂ ಹೇಳಿಕೊಟ್ಟರು. ನನ್ನ ಹತ್ತಿರ ತುಂಡು ಬಟ್ಟೆಗೇನು ಬರ? ಈಗ ತಂಬುಳಿ ಅನ್ನ ತಾನೇ ಉಣ್ಣುತ್ತಾಳೆ. ಅರ್ಧ ಫ್ರಾಕಿನ ಮೇಲೆ ಬೀಳುತ್ತದೆ, ಒರೆಸಲು ಹೋದರೆ "ಆಯಿ, ನಾನೇ" ಅಂತ ನನ್ನ ಕೈ ದೂಡುತ್ತಾಳೆ. ಮಳೆಗಾಲದಲ್ಲಿ ಓಡಾಟ ನಿಂತಾಗ ಮನೆಯಲ್ಲಿ ವ್ಯಾಯಾಮ ಮಾಡಿಸಿದರೂ ಕಾಲಿನ ಸ್ನಾಯು ಮತ್ತೆ ಬಿಗಿಯಾಗುತ್ತದೆ. ಅದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಸರ್ಕಾರದ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಡಾಕ್ಟರ ತಂಡ ಬಂದು ಮಕ್ಕಳನ್ನು ನೋಡಬೇಕು ಅಂತಿದೆ. ತೊಂದರೆ ಕಂಡರೆ ಮುಂದಿನ ಆರೈಕೆಗೆ ಜಿಲ್ಲಾ ಮಟ್ಟದ ಕೇಂದ್ರ. ನಮಗೆ ಜಿಲ್ಲೆ ಅಂದರೆ ಕಾರವಾರ, ಘಟ್ಟ ಇಳಿದು ಅದೂ ನೂರು ಕಿಲೋಮೀಟರಿಗೂ ಜಾಸ್ತಿ. ತಪಾಸಣೆ ಹಳ್ಳಿಗೆ ಬರಬಹುದಾದರೆ ಥೆರಪಿ ತಾಲ್ಲೂಕಿಗಾದರೂ ಬರಬಹುದು ಅಲ್ವಾ?

ದೊಡ್ಡ ಕಟ್ಟಡ ಕೇಳುತ್ತಿಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ಒಂದು ಕೋಣೆ, ನೆಲಕ್ಕೆ ಚಾಪೆ, ಹಿಡಿದು ನಡೆಯಲು ಎರಡು ಕಂಬಿ. ವಾರಕ್ಕೆ ಒಂದು ದಿನ ಮೂರೂ ಥೆರಪಿಯವರು ಒಟ್ಟಿಗೆ ಬರಬೇಕು. ಒಂದೇ ತಂಡ ಶಿರಸಿ, ಸಿದ್ದಾಪುರ, ಯಲ್ಲಾಪುರ, ಮುಂಡಗೋಡಕ್ಕೆ ದಿನಕ್ಕೊಂದು ಕಡೆ ಹೋಗಲಿ. ದಿನ ಬದಲಾಗಬಾರದು, ಯಾಕೆಂದರೆ ನಮ್ಮಂಥವರು ಕೆಲಸ ಹೊಂದಿಸಿಕೊಳ್ಳುವುದೇ ಆ ದಿನ ನೋಡಿ.

ಪುಣ್ಯದ ಕೆಲಸ ಮಾಡಿದೆ ತಂಗಿ ಅಂತ ಜನ ಪ್ರೀತಿಯಿಂದ ಹೇಳುತ್ತಾರೆ. ನನಗೆ ಮಗಳು ಬೇಕಿತ್ತು, ಇವಳು ಸಿಕ್ಕಳು, ಅಷ್ಟೇ. ಹೊಗಳಿಕೆಗಿಂತ ನನಗೆ ಆ ಕೋಣೆ ಬೇಕು. ತಾಲ್ಲೂಕು ಆಸ್ಪತ್ರೆಗೂ ಜಿಲ್ಲಾಧಿಕಾರಿಗಳಿಗೂ ಅರ್ಜಿ ಕೊಟ್ಟಿದ್ದೇನೆ. ಇಂಥ ಮಕ್ಕಳಿರುವ ಬೇರೆ ಮನೆಯವರೂ ಕೊಡಿ, ಕೊಟ್ಟಿದ್ದಕ್ಕೆ ಸ್ವೀಕೃತಿ ಇಟ್ಟುಕೊಳ್ಳಿ.

– ಒಬ್ಬ ತಾಯಿ, ಶಿರಸಿ ತಾಲ್ಲೂಕು